ಊಟಕ್ಕೆ ಅರ್ಧ ಗಂಟೆ ಮೊದಲು: ಎದೆಯುರಿ ಮಾತ್ರೆಯ ಒಳಗಿನ ಕೆಮಿಸ್ಟ್ರಿ

ಮಲೆನಾಡಿನ ಯಾವ ಪೇಟೆಯ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೂ ಸಾಕು, "ಗ್ಯಾಸ್ಟ್ರಿಕ್ ಮಾತ್ರೆ ಒಂದು ಶೀಟು ಕೊಡಿ" ಅನ್ನುವುದು ಕಿವಿಗೆ ಬಿದ್ದೇ ಬೀಳುತ್ತದೆ. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಎಲ್ಲ ಕಡೆ ಇದೇ ಕಥೆ. ಡಾಕ್ಟರ ಚೀಟಿ ತೋರಿಸುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ. ಪೂರ್ತಿ ಶೀಟು ಬೇಡ ಅಂದರೆ ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಔಷಧದ ಹೆಸರು, ಎಕ್ಸ್‌ಪೈರಿ ತಾರೀಕು ಇರುವ ತುಂಡು ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಮನೆಗೆ ಬಂದ ಮಾತ್ರೆ ಗೋಡೆಯ ಗೂಡಿನಲ್ಲೋ ಅಡುಗೆ ಮನೆಯ ಡಬ್ಬಿಯಲ್ಲೋ ಸೇರುತ್ತದೆ. ಎದೆ ಉರಿದಾಗ ಒಂದು, ಹೊಟ್ಟೆ ಉಬ್ಬರಿಸಿದಾಗ ಒಂದು, ಮದುವೆ ಮನೆಯ ಊಟ ಜಾಸ್ತಿಯಾದಾಗ ಒಂದು.

ಈ ಮಾತ್ರೆ ಹೆಚ್ಚಾಗಿ ಪ್ಯಾಂಟೊಪ್ರಜೋಲ್, ಇಲ್ಲದಿದ್ದರೆ ಒಮಿಪ್ರಜೋಲ್ ಅಥವಾ ರಾಬಿಪ್ರಜೋಲ್. ಕಾನೂನಿನ ಲೆಕ್ಕದಲ್ಲಿ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಗಳು. ಕೆಮಿಸ್ಟ್ರಿ ಪಾಠ ಮಾಡುವ ನನ್ನ ಕಣ್ಣಿಗೆ ಇವು ಕಳೆದ ಶತಮಾನದ ಅತಿ ಜಾಣ ಅಣುಗಳಲ್ಲಿ ಸೇರುತ್ತವೆ. ಯಾವಾಗ ಎಚ್ಚರವಾಗಬೇಕು, ಎಲ್ಲಿ ಹೋಗಿ ಅಂಟಬೇಕು ಅನ್ನುವುದನ್ನು ಔಷಧ ರಸಾಯನಶಾಸ್ತ್ರಜ್ಞರು ಅಣುವಿನ ಒಳಗೇ ಇಟ್ಟಿದ್ದಾರೆ. ಆ ತಿಳಿವಳಿಕೆ ಮಾತ್ರ ಮೆಡಿಕಲ್ ಶಾಪ್ ಕೌಂಟರ್ ದಾಟಿ ನಮ್ಮ ಮನೆಗೆ ಬಂದಿಲ್ಲ. ಹಾಗಾಗಿ ಒಳ್ಳೆಯ ಔಷಧವನ್ನು ಅದು ಕೆಲಸ ಮಾಡದ ಹೊತ್ತಿನಲ್ಲಿ ನುಂಗುತ್ತೇವೆ, ಅದಕ್ಕೆ ಸಂಬಂಧವೇ ಇಲ್ಲದ ತೊಂದರೆಗೆ ನುಂಗುತ್ತೇವೆ, ನಿಲ್ಲಿಸುವ ಕಾಲ ಬಂದರೂ ನುಂಗುತ್ತಲೇ ಇರುತ್ತೇವೆ. ಇದನ್ನು ಸರಿಮಾಡಲು ದೊಡ್ಡ ವೈದ್ಯಶಾಸ್ತ್ರ ಬೇಕಿಲ್ಲ. ಈ ಅಣುಗಳು ಹೇಗೆ ಹುಟ್ಟಿದವು ಎಂದು ಗೊತ್ತಾದರೆ ಮುಕ್ಕಾಲು ಪಾಲು ತಾನೇ ತಿಳಿಯುತ್ತದೆ.

ಮೊದಲು ಆ್ಯಸಿಡ್ ವಿಷಯ. ನಮ್ಮ ಹೊಟ್ಟೆ ದಿನಕ್ಕೆ ಸುಮಾರು 1.5ರಿಂದ 2 ಲೀಟರ್ ಜಠರರಸ ಸುರಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆ್ಯಸಿಡ್, ಕಾಲೇಜು ಲ್ಯಾಬಿನ ಕಪಾಟಿನಲ್ಲಿ ಇರುತ್ತದಲ್ಲ, ಅದೇ. ಊಟದ ಜೊತೆ ಬಂದ ಕ್ರಿಮಿಗಳನ್ನು ಅದು ಕೊಲ್ಲುತ್ತದೆ. ಪ್ರೋಟೀನ್ ಒಡೆಯುವ ಪೆಪ್ಸಿನ್‌ಗೆ ಚಾಲನೆ ಕೊಡುತ್ತದೆ. ಕಬ್ಬಿಣದ ಅಂಶ, ಬಿ12 ವಿಟಮಿನ್ ಮೈಗೆ ಹತ್ತಲು ನೆರವಾಗುತ್ತದೆ. ಹೊಟ್ಟೆಯ ಒಳಗೋಡೆಗೆ ಲೋಳೆಯ ರಕ್ಷಣೆ ಇದೆ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಆ್ಯಸಿಡ್ ಮೇಲಕ್ಕೆ ನುಗ್ಗಿದರೆ ಎದೆಯುರಿ, ಹುಳಿತೇಗು. ಲೋಳೆಯ ಪದರವೇ ಹಾಳಾದರೆ ಹುಣ್ಣು, ಅಂದರೆ ಅಲ್ಸರ್.

ಆ್ಯಸಿಡ್ ತಯಾರಿಸುವುದು ಹೊಟ್ಟೆಯ ಗೋಡೆಯಲ್ಲಿರುವ ಪೆರೈಟಲ್ ಕೋಶಗಳು. ಅವುಗಳ ಪೊರೆಯಲ್ಲಿ ಪ್ರೋಟಾನ್ ಪಂಪ್ ಎಂಬ ಪ್ರೋಟೀನ್ ಇದೆ. ಪೊಟ್ಯಾಸಿಯಂ ಅಯಾನನ್ನು ಒಳಗೆ ಎಳೆದುಕೊಂಡು ಹೈಡ್ರೋಜನ್ ಅಯಾನನ್ನು ಹೊರಗೆ ತಳ್ಳುವುದು ಅದರ ಕೆಲಸ. ಪಿಎಚ್ ಅಂಕಿ ಇಳಿದಷ್ಟೂ ಆ್ಯಸಿಡ್ ಗುಣ ಜಾಸ್ತಿ. ರಕ್ತದ ಪಿಎಚ್ 7.4. ಪಂಪ್ ಆ್ಯಸಿಡ್ ಸುರಿಯುವ ಪುಟ್ಟ ಕಾಲುವೆಯ ಪಿಎಚ್ 1ರ ಆಸುಪಾಸು. ಅಂದರೆ ಅಲ್ಲಿ ಹೈಡ್ರೋಜನ್ ಅಯಾನುಗಳ ದಟ್ಟಣೆ ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ. ಇನ್ನಷ್ಟು ಆ್ಯಸಿಡ್ ಬೇಕು ಎಂದು ಈ ಕೋಶಕ್ಕೆ ಸುದ್ದಿ ಮುಟ್ಟಿಸುವವರು ಮೂವರು: ಹಿಸ್ಟಮಿನ್, ಗ್ಯಾಸ್ಟ್ರಿನ್, ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್. ತೋಟದ ಪಂಪ್‌ಸೆಟ್ಟಿಗೆ ಮೂರು ಕಡೆ ಸ್ವಿಚ್ ಇಟ್ಟ ಹಾಗೆ. ಒಂದನ್ನು ಆರಿಸಿದರೂ ಉಳಿದೆರಡರಿಂದ ಮೋಟರು ಅಷ್ಟಿಷ್ಟು ಓಡುತ್ತದೆ. ಮೋಟರನ್ನೇ ಹಿಡಿದು ನಿಲ್ಲಿಸಿದರೆ ಯಾವ ಸ್ವಿಚ್ ಹಾಕಿದರೂ ನೀರು ಬರುವುದಿಲ್ಲ. ಸಂಶೋಧನೆ ನಡೆದದ್ದೂ ಇದೇ ಕ್ರಮದಲ್ಲಿ, ಮೊದಲು ಸ್ವಿಚ್, ಆಮೇಲೆ ಮೋಟರು.

ಅದಕ್ಕೂ ಮುಂಚೆ ಇದ್ದ ದಾರಿಗಳು ಎರಡು. ಒಂದು ಜೆಲುಸಿಲ್, ಡೈಜೀನ್ ತರಹದ ಆ್ಯಂಟಾಸಿಡ್‌ಗಳು. ಇವುಗಳಲ್ಲಿರುವ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಮಲ ಕಟ್ಟಿಸುತ್ತದೆ, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಭೇದಿ ಮಾಡಿಸುತ್ತದೆ. ಎರಡನ್ನೂ ಬೆರೆಸುವುದು ಇದೇ ಕಾರಣಕ್ಕೆ. ಆಗಲೇ ಇರುವ ಆ್ಯಸಿಡ್ಡನ್ನು ಇವು ತಟಸ್ಥ ಮಾಡುತ್ತವೆ, ಹೊಸದಾಗಿ ಬರುವುದನ್ನು ತಡೆಯುವುದಿಲ್ಲ. ಇನ್ನೊಂದು ದಾರಿ ಆಪರೇಷನ್. ಹೊಟ್ಟೆಯ ಒಂದು ಭಾಗ ಕತ್ತರಿಸಿ ತೆಗೆಯುವುದು, ಇಲ್ಲವೇ ಹೊಟ್ಟೆಗೆ ಬರುವ ವೇಗಸ್ ನರ ಕತ್ತರಿಸುವುದು. ದಕ್ಷಿಣ ಭಾರತಕ್ಕೆ ಇದು ದೂರದ ಮಾತಾಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಫ್ರಾಂಕ್ ಟೋವಿ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಭಾರತದಲ್ಲಿ ಎಲ್ಲೆಲ್ಲಿ ಜಾಸ್ತಿ ಎಂದು ಅಧ್ಯಯನ ಮಾಡಿದರು. ಅಕ್ಕಿಯನ್ನೇ ನೆಚ್ಚಿದ ಸೀಮೆಗಳಲ್ಲಿ ಇದು ಹೆಚ್ಚು ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲಿ ಒಂದು. ಮೂರು ಹೊತ್ತೂ ಅಕ್ಕಿಯ ಮೇಲೆ ನಿಂತಿರುವ ನಮ್ಮ ಮಲೆನಾಡಿನವರು ಗಮನಿಸಬೇಕಾದ ಮಾತು ಅದು.

ಈಗ ಸ್ವಿಚ್ಚಿನ ಕಥೆ. ಜೇಮ್ಸ್ ಬ್ಲ್ಯಾಕ್ ಸ್ಕಾಟ್ಲೆಂಡಿನವರು. ಹೃದಯದ ಔಷಧ ಪ್ರೊಪ್ರನೊಲಾಲ್ ರೂಪಿಸಿ ಹೆಸರಾದ ಮೇಲೆ 1964ರಲ್ಲಿ ಸ್ಮಿತ್ ಕ್ಲೈನ್ ಆ್ಯಂಡ್ ಫ್ರೆಂಚ್ ಕಂಪನಿಯ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿ ಲ್ಯಾಬಿಗೆ ಬಂದರು. ಹಿಸ್ಟಮಿನ್ ತಡೆಯುವ ಅಲರ್ಜಿ ಮಾತ್ರೆಗಳು ಆಗಲೇ ಇದ್ದವು. ಅವು ತುರಿಕೆ, ಸೀನು ನಿಲ್ಲಿಸುತ್ತಿದ್ದವು, ಹೊಟ್ಟೆಯ ಆ್ಯಸಿಡ್ ಮೇಲೆ ಮಾತ್ರ ಏನೂ ಪರಿಣಾಮ ಇರಲಿಲ್ಲ. ಹಾಗಾದರೆ ಹೊಟ್ಟೆಯಲ್ಲಿ ಹಿಸ್ಟಮಿನ್ ಹೋಗಿ ಕೂರುವ ಜಾಗ ಬೇರೆಯೇ ಇರಬೇಕು ಎಂದು ಬ್ಲ್ಯಾಕ್ ಲೆಕ್ಕ ಹಾಕಿದರು. ಅದಕ್ಕೆ ಎಚ್2 ರಿಸೆಪ್ಟರ್ ಎಂದು ಹೆಸರಾಯಿತು. ಅದು ಇದೆ ಎಂದು ತೋರಿಸಲು ಒಂದೇ ದಾರಿ, ಆ ಜಾಗವನ್ನು ಮುಚ್ಚುವ ಅಣುವನ್ನು ಕೈಯಾರೆ ತಯಾರಿಸುವುದು.

ಕೆಲಸ ರಾಬಿನ್ ಗನೆಲಿನ್, ಗ್ರಹಾಂ ಡ್ಯುರಾಂಟ್, ಜಾನ್ ಎಮ್ಮೆಟ್ ಎಂಬ ರಸಾಯನಶಾಸ್ತ್ರಜ್ಞರ ಕೈಗೆ ಬಂತು. ಹಿಸ್ಟಮಿನ್ ಬಹಳ ಸಣ್ಣ ಅಣು. ಇಮಿಡಜೋಲ್ ಎಂಬ ಐದು ಪರಮಾಣುಗಳ ಉಂಗುರ, ಅದಕ್ಕೊಂದು ಗಿಡ್ಡ ಬಾಲ, ಬಾಲದ ತುದಿಯಲ್ಲಿ ಅಮೀನ್. ಇದನ್ನೇ ಹಿಡಿದು ಉಂಗುರ ಬದಲಿಸಿದರು, ಬಾಲ ಬದಲಿಸಿದರು. ನಾಲ್ಕು ವರ್ಷದಲ್ಲಿ ಸುಮಾರು 200 ಅಣುಗಳಾದವು. ಒಂದೂ ಹಿಸ್ಟಮಿನ್‌ಗೆ ಅಡ್ಡ ಬರಲಿಲ್ಲ. ಆಮೇಲೆ ಗ್ವಾನಿಲ್‌ಹಿಸ್ಟಮಿನ್ ಎಂಬ ಒಂದು ಅಣುವನ್ನು ಇನ್ನಷ್ಟು ಸೂಕ್ಷ್ಮವಾದ ವಿಧಾನದಲ್ಲಿ ಪರೀಕ್ಷೆ ಮಾಡಿದಾಗ ಅದು ಎರಡೂ ಕೆಲಸ ಮಾಡುತ್ತಿರುವುದು ಕಂಡಿತು. ಸ್ವಲ್ಪ ಮಟ್ಟಿಗೆ ಆ್ಯಸಿಡ್ ಸುರಿಸುತ್ತಿತ್ತು, ಸ್ವಲ್ಪ ಮಟ್ಟಿಗೆ ಹಿಸ್ಟಮಿನ್ನನ್ನು ತಡೆಯುತ್ತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಮೊದಲನೆಯದು ಎರಡನೆಯದನ್ನು ಮರೆಮಾಡಿತ್ತು. ಅಲ್ಲಿಂದ ದಾರಿ ಸಿಕ್ಕಿತು. ಬಾಲ ಉದ್ದ ಮಾಡಿದರು. ತುದಿಯ ಧನ ವಿದ್ಯುದಂಶ ತೆಗೆದು ಗಂಧಕ ಇರುವ ಥಯೋಯೂರಿಯಾ ಗುಂಪು ಕೂರಿಸಿದರು. ಅದೇ ಬ್ಯುರಿಮಮೈಡ್. 1972ರಲ್ಲಿ ಬ್ಲ್ಯಾಕ್ ತಂಡ ಅದನ್ನು ಪ್ರಕಟಿಸಿತು. ಎಚ್2 ರಿಸೆಪ್ಟರ್ ನಿಜ ಎಂದು ಲೋಕಕ್ಕೆ ಗೊತ್ತಾದದ್ದು ಆಗ.

ಬ್ಯುರಿಮಮೈಡ್ ಬಾಯಿಂದ ಕೊಟ್ಟರೆ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಬಾಲದಲ್ಲಿ ಒಂದು ಗಂಧಕದ ಪರಮಾಣು, ಉಂಗುರದ ಮೇಲೆ ಒಂದು ಮಿಥೈಲ್ ಸೇರಿಸಿದಾಗ ಮೆಟಿಯಮೈಡ್ ಆಯಿತು. ಅದು ರೋಗಿಗಳ ಹುಣ್ಣು ಮಾಯಿಸಿತು. ಆದರೆ ಕೆಲವರ ರಕ್ತದಲ್ಲಿ ಬಿಳಿ ಕಣಗಳು ಕುಸಿದವು. ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅನುಮಾನ ಥಯೋಯೂರಿಯಾ ಮೇಲೆ ಇತ್ತು. ಅದೇ ಆಕಾರ, ಹೆಚ್ಚುಕಡಿಮೆ ಅದೇ ಗುಣ, ಆದರೆ ಗಂಧಕ ಇಲ್ಲದ ಗುಂಪು ಯಾವುದು ಎಂದು ಹುಡುಕಿ ಸಯನೋಗ್ವಾನಿಡಿನ್ ಕೂರಿಸಿದರು. ಹಾಗೆ ಹುಟ್ಟಿದ ಸಿಮೆಟಿಡಿನ್ 1976ರ ನವೆಂಬರ್‌ನಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. ಅಲ್ಸರ್ ಆಪರೇಷನ್ನುಗಳು ಇಳಿಮುಖವಾದವು. ವರ್ಷಕ್ಕೆ 100 ಕೋಟಿ ಡಾಲರ್ ದಾಟಿ ಮಾರಾಟವಾದ ಮೊದಲ ಔಷಧ ಇದೇ. 1988ರಲ್ಲಿ ಬ್ಲ್ಯಾಕ್ ಅವರಿಗೆ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಜೊತೆ ನೊಬೆಲ್ ಬಂತು. ಒಂದು ಅಡ್ಡಪರಿಣಾಮ ಕಂಡಾಗ ಇಡೀ ಅಣುವನ್ನು ಎಸೆಯದೆ, ಯಾವ ಮೂಲೆಯಿಂದ ಅದು ಬರುತ್ತಿದೆ ಎಂದು ಹಿಡಿದು ಆ ಮೂಲೆಯನ್ನಷ್ಟೇ ಬದಲಿಸಿದ ಈ ಹೆಜ್ಜೆಯನ್ನು ನಮ್ಮ ಪ್ರತಿ ಕೆಮಿಸ್ಟ್ರಿ ವಿದ್ಯಾರ್ಥಿಯೂ ಬೋರ್ಡಿನ ಮೇಲೆ ಬರೆದು ನೋಡಬೇಕು ಅನಿಸುತ್ತದೆ.

ಗ್ಲ್ಯಾಕ್ಸೊ ಕಂಪನಿ ಇಮಿಡಜೋಲ್ ಉಂಗುರವನ್ನೇ ತೆಗೆದು ಫ್ಯುರಾನ್ ಉಂಗುರ ಹಾಕಿ ರಾನಿಟಿಡಿನ್ ಮಾಡಿತು. 1981ರಲ್ಲಿ ಅದು ಬಂತು. ನಮ್ಮಲ್ಲಿ ರಾಂಟ್ಯಾಕ್, ಜಿನೆಟ್ಯಾಕ್, ಅಸಿಲಾಕ್ ಎಂದರೆ ಎಲ್ಲರಿಗೂ ಗೊತ್ತು. 2019ರಲ್ಲಿ ಅದರಲ್ಲಿ ಎನ್‌ಡಿಎಂಎ ಇದೆ ಎಂಬ ಸುದ್ದಿ ಬಂತು. ಕ್ಯಾನ್ಸರ್ ತರಬಹುದಾದ ವಸ್ತು ಅದು. ಕಾರ್ಖಾನೆಯ ಕೊಳೆ ಮಾತ್ರ ಆಗಿದ್ದರೆ ತೊಳೆದು ಸರಿಮಾಡಬಹುದಿತ್ತು. ಇಲ್ಲಿ ತೊಂದರೆ ಅಣುವಿನಲ್ಲೇ ಇತ್ತು. ರಾನಿಟಿಡಿನ್‌ನ ಒಂದು ತುದಿಯಲ್ಲಿ ಡೈಮಿಥೈಲ್‌ಅಮೀನ್ ಇದೆ, ಇನ್ನೊಂದು ತುದಿಯಲ್ಲಿ ನೈಟ್ರೋ ಗುಂಪು ಇದೆ. ಎನ್‌ಡಿಎಂಎ ಆಗಲು ಬೇಕಾದ ಎರಡೂ ತುಂಡುಗಳು ಒಂದೇ ಅಣುವಿನಲ್ಲಿವೆ. ದಿನ ಕಳೆದಂತೆ, ಬಿಸಿ ಜಾಸ್ತಿಯಾದಂತೆ ಅದು ಹೆಚ್ಚುತ್ತದೆ. ತೇವವೂ ಅದಕ್ಕೆ ನೆರವಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ರಾನಿಟಿಡಿನ್ನನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಿರಿ ಎಂದಿತು. ಭಾರತದಲ್ಲಿ 2022ರಲ್ಲಿ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಮಾರಾಟ ನಿಂತಿಲ್ಲ. ಮಳೆಗಾಲದಲ್ಲಿ ಗೋಡೆಯೂ ಬೆವರುವ ನಮ್ಮ ಊರುಗಳಲ್ಲಿ ಹಳೇ ಶೀಟನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಬಿಡುವುದು ಒಳ್ಳೆಯದು.

ಇನ್ನು ಮೋಟರು, ಅಂದರೆ ಪ್ರೋಟಾನ್ ಪಂಪನ್ನೇ ನಿಲ್ಲಿಸುವ ಔಷಧ. ಸ್ವೀಡನ್ನಿನ ಆಸ್ಟ್ರಾ ಕಂಪನಿಗೆ ಸೇರಿದ ಹೆಸ್ಲೆ ಲ್ಯಾಬಿನಲ್ಲಿ 1970ರ ದಶಕದಲ್ಲಿ ಕೆಲಸ ಶುರುವಾಯಿತು. ಟಿಮೊಪ್ರಜೋಲ್, ಪಿಕೊಪ್ರಜೋಲ್ ಎಂಬ ಅಣುಗಳು ಆ್ಯಸಿಡ್ಡನ್ನು ಚೆನ್ನಾಗಿ ಕಡಿಮೆ ಮಾಡುತ್ತಿದ್ದವು, ಆದರೆ ಒಂದಲ್ಲ ಒಂದು ಅಡ್ಡಿ ಬರುತ್ತಿತ್ತು. 1979ರಲ್ಲಿ ಒಮಿಪ್ರಜೋಲ್ ತಯಾರಾಯಿತು, 1988ರಲ್ಲಿ ಲೋಸೆಕ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಭಾರತದಲ್ಲಿ ಡಾ. ರೆಡ್ಡೀಸ್ ಕಂಪನಿ 1991ರಲ್ಲಿ ಓಮೆಜ್ ತಂದಿತು. ಜರ್ಮನಿಯ ಬಿಕ್ ಗುಲ್ಡೆನ್ ಕಂಪನಿಯ ಪ್ಯಾಂಟೊಪ್ರಜೋಲ್ 1994ರಲ್ಲಿ ಬಂತು. ಇವೆಲ್ಲದರ ಬೆನ್ನೆಲುಬು ಬೆಂಜಿಮಿಡಜೋಲ್ ಎಂಬ ಜೋಡಿ ಉಂಗುರ. ಆರ್ಥೋ ಫಿನಿಲೀನ್‌ಡೈಅಮೀನ್‌ಗೆ ಫಾರ್ಮಿಕ್ ಆ್ಯಸಿಡ್ ಹಾಕಿ ಬಿಸಿ ಮಾಡಿ, ಆರಿಸಿ, ಕ್ಷಾರ ಸೇರಿಸಿದರೆ ಬೆಂಜಿಮಿಡಜೋಲ್ ಹರಳುಗಳು ಕೆಳಗೆ ಕೂರುತ್ತವೆ. ಕೆಮಿಸ್ಟ್ರಿ, ಫಾರ್ಮಸಿ ಓದುವ ಮಕ್ಕಳಿಗೆ ಇದು ಮಾಮೂಲಿ ಪ್ರಾಕ್ಟಿಕಲ್. ತಮ್ಮ ಬೀಕರಿನ ತಳದಲ್ಲಿ ಕೂತಿರುವುದು ಮನೆಯ ಡಬ್ಬಿಯ ಮಾತ್ರೆಯ ಎಲುಬು ಎಂದು ಹೇಳಿದಾಗ ಅವರ ಕಣ್ಣು ಅರಳುವುದನ್ನು ನೋಡಬೇಕು.

ಈ ಅಣುವಿನ ಜಾಣತನ ಇರುವುದು ಹೀಗೆ. ನುಂಗಿದಾಗ ಇದು ಔಷಧವೇ ಆಗಿರುವುದಿಲ್ಲ. ಹೊಟ್ಟೆಯ ಆ್ಯಸಿಡ್ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಹಾಳಾಗುತ್ತದೆ. ಅದಕ್ಕೆ ಮಾತ್ರೆಯ ಮೇಲೆ ಆ್ಯಸಿಡ್‌ಗೆ ಕರಗದ ಲೇಪ ಹಾಕಿರುತ್ತಾರೆ. ಲೇಪ ಕರಗುವುದು ಸಣ್ಣಕರುಳಿನಲ್ಲಿ. ಅಲ್ಲಿಂದ ಔಷಧ ರಕ್ತಕ್ಕೆ ಸೇರಿ, ಇಡೀ ಮೈ ಸುತ್ತಿ, ಹಿಂಬದಿಯಿಂದ ಪೆರೈಟಲ್ ಕೋಶಕ್ಕೆ ಬರುತ್ತದೆ. ಹೊಟ್ಟೆಗೆ ನುಂಗಿದ್ದು ಹೊಟ್ಟೆಗೆ ಬರುವುದು ರಕ್ತದ ದಾರಿಯಲ್ಲಿ. ಇದು ದುರ್ಬಲ ಕ್ಷಾರ. ರಕ್ತದಲ್ಲಿ ಸುಮ್ಮನೆ ಓಡಾಡಿಕೊಂಡಿರುತ್ತದೆ. ಪಂಪ್ ಆ್ಯಸಿಡ್ ಸುರಿಯುವ ಕಾಲುವೆಗೆ ಬಂದೊಡನೆ ಹೈಡ್ರೋಜನ್ ಅಯಾನು ಅಂಟಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ರಕ್ತದಲ್ಲಿರುವುದಕ್ಕಿಂತ ಸಾವಿರ ಪಟ್ಟು ಅಲ್ಲಿ ಸೇರುತ್ತದೆ. ಆಮೇಲೆ ಅದೇ ಆ್ಯಸಿಡ್ ಅದರ ರೂಪ ಬದಲಿಸಿ, ಗಂಧಕದ ತುದಿಯನ್ನು ಹರಿತ ಮಾಡುತ್ತದೆ. ಆ ತುದಿ ಪಂಪಿನ ಸಿಸ್ಟೀನ್ ಎಂಬ ಅಮೈನೋ ಆ್ಯಸಿಡ್ಡಿಗೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಸಿಸ್ಟೀನ್ 813 ಎಂದು ಆ ಜಾಗದ ಗುರುತು. ಬೆಸೆದ ಪಂಪ್ ಅಲ್ಲಿಗೆ ಮುಗಿಯಿತು. ಕೋಶ ಹೊಸ ಪಂಪ್ ಕಟ್ಟಿಕೊಳ್ಳಬೇಕು, ಅದಕ್ಕೆ ದಿನಗಳೇ ಹಿಡಿಯುತ್ತವೆ. ಔಷಧ ರಕ್ತದಲ್ಲಿ ಇರುವುದು ಕೆಲವು ಗಂಟೆ ಮಾತ್ರ. ಆದರೂ ಅದರ ಪರಿಣಾಮ ಒಂದು ದಿನ ದಾಟುವುದು ಇದೇ ಕಾರಣಕ್ಕೆ. ಆ್ಯಸಿಡ್ ಇರುವ ಕಡೆ ಮಾತ್ರ ಏಳುವ, ಉಳಿದ ಕಡೆ ಮಲಗಿರುವ ಔಷಧ. ಎಷ್ಟು ಚೆಂದ ಅಲ್ವಾ!

ಇಲ್ಲೇ ನಮ್ಮ ಕೌಂಟರಿಗೆ ಮುಟ್ಟದ ವಿಷಯ ಇರುವುದು. ಖಾಲಿ ಹೊಟ್ಟೆಯಲ್ಲಿ ಬಹುಪಾಲು ಪಂಪ್‌ಗಳು ಕೋಶದ ಒಳಗೆ ಮಡಚಿಕೊಂಡು ಕೂತಿರುತ್ತವೆ. ತಿನ್ನಲು ಶುರುಮಾಡಿದಾಗ ಅವು ಪೊರೆಗೆ ಬಂದು ಆ್ಯಸಿಡ್ ಸುರಿಸುತ್ತವೆ. ಈ ಮಾತ್ರೆ ಹಿಡಿಯುವುದು ಕೆಲಸ ಮಾಡುತ್ತಿರುವ ಪಂಪನ್ನು ಮಾತ್ರ. ಹಾಗಾಗಿ ಪಂಪ್‌ಗಳು ಏಳುವ ಹೊತ್ತಿಗೆ ಔಷಧ ರಕ್ತದಲ್ಲಿ ತುಂಬಿರಬೇಕು. ಬೆಳಗಿನ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಎನ್ನುವುದು ಈ ಲೆಕ್ಕ. ಕಡುಬು ತಿಂದಾದ ಮೇಲೆ ನುಂಗಿದರೆ ಪಂಪ್‌ಗಳ ದೊಡ್ಡ ಪಾಳಿ ಮುಗಿದಿರುತ್ತದೆ. ಬೆಳಗ್ಗೆ ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಏನೂ ತಿನ್ನದಿದ್ದರೂ ಅಷ್ಟೇ, ಔಷಧ ಬಂದು ಹೋಗಿರುತ್ತದೆ, ಪಂಪ್‌ಗಳು ಎದ್ದಿರುವುದೇ ಇಲ್ಲ. ಮೊದಲ ದಿನ ಎದ್ದ ಪಂಪ್ ಮೊದಲ ದಿನ ಸಿಗುತ್ತದೆ, ಉಳಿದವು ಆಮೇಲೆ. ಪೂರ್ತಿ ಪರಿಣಾಮಕ್ಕೆ ಮೂರರಿಂದ ಐದು ದಿನ ಬೇಕು. ಉರಿ ಬಂದ ಕ್ಷಣಕ್ಕೆ ಒಂದು ನುಂಗಿ "ಇದು ಕೆಲಸ ಮಾಡ್ಲಿಲ್ಲ" ಎಂದರೆ ಔಷಧದ ತಪ್ಪಲ್ಲ. ಆ ಕ್ಷಣಕ್ಕೆ ಆ್ಯಂಟಾಸಿಡ್ಡೇ ಸರಿ. ನುಂಗಲು ಕಷ್ಟ ಎಂದು ಅಜ್ಜಿಗೆ ಮಾತ್ರೆ ಪುಡಿ ಮಾಡಿ ಕೊಡುವುದೂ ಬೇಡ. ಲೇಪ ಒಡೆದರೆ ಆ್ಯಸಿಡ್ ಅದನ್ನು ದಾರಿಯಲ್ಲೇ ತಿಂದುಹಾಕುತ್ತದೆ.

ಹೊಟ್ಟೆ ಉಬ್ಬರ, ಗುಡುಗುಡು, ಅಪಾನವಾಯು, ಇವಕ್ಕೆ ಪಂಪ್ ಕಾರಣ ಅಲ್ಲ. ಪ್ಯಾಂಟೊಪ್ರಜೋಲ್ ಅಲ್ಲಿ ಮಾಡುವ ಕೆಲಸವೂ ಇಲ್ಲ. ಅದಕ್ಕಿಂತ ಗಂಭೀರವಾದದ್ದು ಎದೆನೋವು. ಎದೆ ಬಿಗಿದು, ಬೆವರಿ, ಎಡಗೈಗೋ ದವಡೆಗೋ ನೋವು ಹರಿದಾಗಲೂ "ಗ್ಯಾಸ್ಟ್ರಿಕ್ ಇರಬೇಕು" ಎಂದು ಮಾತ್ರೆ ನುಂಗಿ ಮಲಗುವವರು ನಮ್ಮ ಕಡೆ ಕಡಿಮೆ ಇಲ್ಲ. ಘಟ್ಟದ ಹಳ್ಳಿಯಿಂದ ಇಸಿಜಿ ಇರುವ ಆಸ್ಪತ್ರೆಗೆ ಹೋಗಲು ಹೇಗೂ ಹೊತ್ತು ಹಿಡಿಯುತ್ತದೆ. ಮಾತ್ರೆ ನುಂಗಿ ಕಾಯುತ್ತಾ ಕೂತ ಹೊತ್ತು ಹೃದಯಕ್ಕೆ ಬಹಳ ದುಬಾರಿ.

ನಿಲ್ಲಿಸುವ ವಿಷಯಕ್ಕೆ ಬರೋಣ. "ಬಿಟ್ಟರೆ ಉರಿ ಜಾಸ್ತಿಯಾಗುತ್ತೆ, ಅದಕ್ಕೇ ದಿನಾ ತಗೋತೀನಿ" ಎನ್ನುವ ಮಾತು ಎಲ್ಲರೂ ಕೇಳಿರುತ್ತೀರಿ. ಅದು ಸುಳ್ಳಲ್ಲ. ಆ್ಯಸಿಡ್ ಕಡಿಮೆಯಾದಾಗ ದೇಹ ಗ್ಯಾಸ್ಟ್ರಿನ್ ಜಾಸ್ತಿ ಮಾಡುತ್ತದೆ. ವಾರಗಟ್ಟಲೆ ಹೀಗೇ ನಡೆದರೆ ಹೊಟ್ಟೆಯ ಆ್ಯಸಿಡ್ ತಯಾರಿಸುವ ಶಕ್ತಿಯೇ ಹೆಚ್ಚುತ್ತದೆ. ಮಾತ್ರೆ ತಟ್ಟನೆ ನಿಲ್ಲಿಸಿದರೆ ಆ ಶಕ್ತಿಯೆಲ್ಲ ಒಮ್ಮೆಗೇ ಹೊರಬರುತ್ತದೆ. 2009ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಹೊಟ್ಟೆಯ ಯಾವ ತೊಂದರೆಯೂ ಇಲ್ಲದ 120 ಜನರನ್ನು ಆರಿಸಿಕೊಂಡರು. ಅರ್ಧ ಜನಕ್ಕೆ 8 ವಾರ ಒಮಿಪ್ರಜೋಲ್ ಜಾತಿಯದೇ ಆದ ಎಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು, ಉಳಿದವರಿಗೆ ಕೊಟ್ಟದ್ದು ಔಷಧ ಇಲ್ಲದ ಬರೀ ಸಪ್ಪೆ ಮಾತ್ರೆ. ಆಮೇಲೆ ಔಷಧ ತಗೊಂಡವರಲ್ಲಿ ಶೇ 44 ಮಂದಿಗೆ ಎದೆಯುರಿ, ಹುಳಿತೇಗು, ಅಜೀರ್ಣದಂಥ ತೊಂದರೆ ಕಾಣಿಸಿತು, ಸಪ್ಪೆ ಮಾತ್ರೆಯವರಲ್ಲಿ ಶೇ 15. ಆರೋಗ್ಯವಾಗಿದ್ದವರಿಗೆ ಮಾತ್ರೆಯೇ ಎದೆಯುರಿ ತಂದುಕೊಟ್ಟಿತು! ಹಾಗಾಗಿ ತಿಂಗಳುಗಟ್ಟಲೆ ತೆಗೆದುಕೊಂಡವರು ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸಬೇಕು. ಪ್ರಮಾಣ ಅರ್ಧಕ್ಕೆ, ಆಮೇಲೆ ದಿನ ಬಿಟ್ಟು ದಿನ, ನಡುವೆ ಉರಿ ಬಂದರೆ ಆ್ಯಂಟಾಸಿಡ್. ಬಿಟ್ಟ ಮೇಲೆ ಬರುವ ಉರಿ ಹಳೇ ಕಾಯಿಲೆಯೇ ಆಗಿರಬೇಕಿಲ್ಲ, ಕೆಲವು ವಾರದಲ್ಲಿ ಇಳಿಯಬಹುದು.

ಬಹುಕಾಲ ತೆಗೆದುಕೊಂಡರೆ ಮೂಳೆ ಸವೆತ, ಮರೆವು, ಕಿಡ್ನಿ ತೊಂದರೆ ಎಂದೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದಕ್ಕೆ ಹೆದರುವುದೂ ಬೇಡ, ತಳ್ಳಿಹಾಕುವುದೂ ಬೇಡ. ಬಹಳಷ್ಟು ಅಧ್ಯಯನಗಳು ಮಾತ್ರೆ ತಗೊಂಡವರನ್ನು, ತಗೊಳ್ಳದವರನ್ನು ಹಾಗೇ ಹೋಲಿಸಿ ನೋಡಿದಂಥವು. ಮಾತ್ರೆ ತಗೊಳ್ಳುವವರು ಮೊದಲೇ ಹೆಚ್ಚು ಕಾಯಿಲೆಯವರಾಗಿರುತ್ತಾರೆ. 2019ರಲ್ಲಿ ಪ್ರಕಟವಾದ ಕಂಪಾಸ್ ಅಧ್ಯಯನದಲ್ಲಿ 17,598 ಹೃದ್ರೋಗಿಗಳಿಗೆ ಚೀಟಿ ಎತ್ತಿದ ಹಾಗೆ ಪ್ಯಾಂಟೊಪ್ರಜೋಲ್ ಅಥವಾ ಸಪ್ಪೆ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. ಸ್ಪಷ್ಟವಾಗಿ ಜಾಸ್ತಿ ಕಂಡದ್ದು ಕರುಳಿನ ಸೋಂಕು ಮಾತ್ರ, ಪ್ಯಾಂಟೊಪ್ರಜೋಲ್ ತಗೊಂಡವರಲ್ಲಿ ಶೇ 1.4, ಸಪ್ಪೆ ಮಾತ್ರೆಯವರಲ್ಲಿ ಶೇ 1. ಆದರೆ ಮೂರು ವರ್ಷ ಬೇರೆ, ಹದಿನೈದು ವರ್ಷ ಬೇರೆ. ದೀರ್ಘಕಾಲ ತಗೊಂಡವರಲ್ಲಿ ಮೆಗ್ನೀಸಿಯಂ ಇಳಿಯಬಹುದು ಎಂದು ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಬಿ12 ಇಳಿಯುವುದೂ ಗೊತ್ತಿರುವ ವಿಷಯ, ಅದರಲ್ಲೂ ಸಸ್ಯಾಹಾರಿಗಳು ಹುಷಾರಾಗಿರಬೇಕು. ಹೃದಯಕ್ಕೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮಿಪ್ರಜೋಲ್ ತಪ್ಪಿಸಬೇಕು. ಲಿವರಿನ ಒಂದೇ ಕಿಣ್ವಕ್ಕೆ ಎರಡೂ ಜಗಳವಾಡುತ್ತವೆ.

ನಮ್ಮ ತೋಟಗಳ ಕಡೆ ಇನ್ನೊಂದು ಜೋಡಿ ಇದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಮರ ಹತ್ತುವವರ, ರಾತ್ರಿ ಹನ್ನೊಂದರವರೆಗೆ ಕೂತು ಅಡಿಕೆ ಸುಲಿಯುವವರ ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್. ಅದರ ಜೊತೆಗೊಂದು ಗ್ಯಾಸ್ಟ್ರಿಕ್ ಮಾತ್ರೆ. ನೋವಿನ ಮಾತ್ರೆಗಳು ಲೋಳೆಯ ಪದರ ಕಾಪಾಡುವ ಪ್ರೊಸ್ಟಗ್ಲ್ಯಾಂಡಿನ್‌ಗಳನ್ನು ತಡೆಯುತ್ತವೆ, ಹಾಗೆ ಹುಣ್ಣಾಗುತ್ತದೆ. ವಯಸ್ಸಾದವರಿಗೆ, ಹಿಂದೆ ಅಲ್ಸರ್ ಆದವರಿಗೆ ಈ ಜೋಡಿ ಕೊಡುವುದರಲ್ಲಿ ಅರ್ಥವಿದೆ. ಆದರೆ ಗ್ಯಾಸ್ಟ್ರಿಕ್ ಮಾತ್ರೆ ಇದೆಯಲ್ಲ ಎಂಬ ಧೈರ್ಯದಲ್ಲಿ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಕಿಡ್ನಿಯನ್ನು ಕಾಯುವವರಿಲ್ಲ. ಇನ್ನೊಂದು ಮಾತು ಮಲೆನಾಡಿನವರಿಗೇ. ಚಳಿಗಾಲದಿಂದ ಮಳೆ ಶುರುವಾಗುವವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರದಲ್ಲಿ ರಕ್ತಸ್ರಾವದ ಅಪಾಯ ಇದೆ. ಆ ದಿನಗಳಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ, ಮೈಕೈ ನೋವು ಬಂದರೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಜೊತೆಗೆ ಪ್ಯಾಂಟೊಪ್ರಜೋಲ್ ಸೇರಿಸಿದರೆ ಆ ಅಪಾಯ ಹೋಗುವುದಿಲ್ಲ.

ಇಷ್ಟೆಲ್ಲ ಆ್ಯಸಿಡ್ ಸಂಶೋಧನೆ ನಡೆಯುತ್ತಿದ್ದಾಗ ಬಹುಪಾಲು ಅಲ್ಸರ್‌ಗಳ ಮೂಲ ಕಾರಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಿಮೆಟಿಡಿನ್ ನಿಲ್ಲಿಸಿದರೆ ಹುಣ್ಣು ಮತ್ತೆ ಬರುತ್ತಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ 1982ರಲ್ಲಿ ರೋಗಿಗಳ ಹೊಟ್ಟೆಯಿಂದ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾ ಬೆಳೆಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಭಾರತದಲ್ಲಿ ಈ ಸೋಂಕು ಬಹಳ ವ್ಯಾಪಕ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಅಲ್ಸರ್, ಅಪರೂಪಕ್ಕೆ ಹೊಟ್ಟೆಯ ಕ್ಯಾನ್ಸರ್. ಎರಡು ವಾರ ಆ್ಯಂಟಿಬಯೋಟಿಕ್ ಜೊತೆ ಆ್ಯಸಿಡ್ ತಡೆಯುವ ಮಾತ್ರೆ ಕೊಟ್ಟು ಇದನ್ನು ಓಡಿಸಬಹುದು. ಹಾಗಿರುವಾಗ ಅಲ್ಸರ್ ಇರುವ ಒಬ್ಬರಿಗೆ ಪರೀಕ್ಷೆಯನ್ನೇ ಮಾಡಿಸದೆ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿಸುವುದು ನನಗೆ ನೋವಿನ ವಿಷಯ. ಗುಣವಾಗುವ ಕಾಯಿಲೆಯನ್ನು ಸಾಕಿಕೊಂಡ ಹಾಗೆ ಆಗುತ್ತದೆ. ಎಂಡೋಸ್ಕೋಪಿಗೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ, ಮಾತ್ರೆ ನಿಲ್ಲಿಸಬೇಕೇ ಎಂದು. ಆ ಬ್ಯಾಕ್ಟೀರಿಯಾದ ಪರೀಕ್ಷೆಗೆ ಎರಡು ವಾರ ಮೊದಲು ಸಾಮಾನ್ಯವಾಗಿ ನಿಲ್ಲಿಸಲು ಹೇಳುತ್ತಾರೆ. ಇಲ್ಲದಿದ್ದರೆ ಸೋಂಕು ಇದ್ದರೂ ಇಲ್ಲ ಎಂದು ಬರಬಹುದು.

ನಮ್ಮ ಹತ್ತಿರದಲ್ಲೂ ಈ ಪಂಪಿನ ಮೇಲೆ ಸಂಶೋಧನೆ ನಡೆದಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2007ರಲ್ಲಿ ಶುಂಠಿ ಮತ್ತು ಮಾವಿನ ಶುಂಠಿಯ ಫೀನಾಲಿಕ್ ಅಂಶಗಳು ಪ್ರೋಟಾನ್ ಪಂಪನ್ನೂ ಪೈಲೊರಿ ಬ್ಯಾಕ್ಟೀರಿಯಾವನ್ನೂ ತಡೆಯುತ್ತವೆ ಎಂದು ಪ್ರಕಟಿಸಿದರು. ಇಂಥ ಪರೀಕ್ಷೆಗೆ ಸಾಮಾನ್ಯವಾಗಿ ಕುರಿಯ ಹೊಟ್ಟೆ ತರುತ್ತಾರೆ. ಒಳಪದರ ಕೆರೆದು ಅರೆದು, ಅದರಲ್ಲಿರುವ ಪಂಪ್ ಎಷ್ಟು ಫಾಸ್ಫೇಟ್ ಬಿಡುತ್ತದೆ ಎಂದು ಬಣ್ಣದ ಮೂಲಕ ಅಳೆಯುತ್ತಾರೆ. ಔಷಧ ಸೇರಿಸಿದಾಗ ಬಣ್ಣ ತೆಳುವಾದರೆ ಪಂಪ್ ನಿಂತಿದೆ ಎಂದು ಲೆಕ್ಕ. ಸೊರಬ, ಸಾಗರದ ಶುಂಠಿ ಬೆಳೆಗಾರರಿಗೆ ಇದು ಖುಷಿಯ ಸುದ್ದಿ. ಆದರೆ ಗಾಜಿನ ಕೊಳವೆಯಲ್ಲಿ ಪಂಪ್ ನಿಲ್ಲಿಸುವುದಕ್ಕೂ ಮನುಷ್ಯನ ಅಲ್ಸರ್ ಮಾಯಿಸುವುದಕ್ಕೂ ನಡುವೆ ಬಹಳ ದೂರ ಇದೆ. ಜೀರಿಗೆ ಕಷಾಯ, ಶುಂಠಿ ತಂಬುಳಿ ಹಿತವಾಗಿದ್ದರೆ ಕುಡಿಯಿರಿ. ಅಲ್ಸರ್‌ಗೆ ಅದೇ ಔಷಧ ಎಂದು ಮಾರುವವರನ್ನು ಮಾತ್ರ ನಂಬಬೇಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಕಡೆ ಹೊಸ ಅಣು ಕಟ್ಟುವ ಕೆಮಿಸ್ಟ್ರಿಯೂ ಇದೆ, ಸುತ್ತ ಪಶ್ಚಿಮಘಟ್ಟದ ಗಿಡಗಳೂ ಇವೆ. ಗಿಡದಲ್ಲಿ ಸಿಕ್ಕ ಅಣುವನ್ನು ಗನೆಲಿನ್ ತಂಡದ ಹಾಗೆ ಒಂದೊಂದೇ ಮೂಲೆ ಬದಲಿಸಿ ನೋಡುವ ತಾಳ್ಮೆಗೆ, ಅದಕ್ಕೆ ಬೇಕಾದ ಹಣಕ್ಕೆ ಸರ್ಕಾರ ಕೈಜೋಡಿಸಬೇಕು.

ಈಗ ಮಾರುಕಟ್ಟೆಗೆ ಇನ್ನೊಂದು ತಲೆಮಾರು ಬಂದಿದೆ. ಪಂಪ್ ಒಳಗೆಳೆಯುವ ಪೊಟ್ಯಾಸಿಯಂನ ಜಾಗದಲ್ಲೇ ಹೋಗಿ ಕೂರುವ ಔಷಧಗಳು. ಈ ಯೋಚನೆ 1980ರ ದಶಕದ್ದು. ಆಗಿನ ಅಣು ಲಿವರಿಗೆ ತೊಂದರೆ ಕೊಟ್ಟು ಬಿದ್ದುಹೋಯಿತು. ಜಪಾನಿನ ಟಕೇಡಾ ಕಂಪನಿಯ ವೊನೊಪ್ರಜಾನ್‌ಗೆ 2014ರ ಕೊನೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಕೊರಿಯಾದಲ್ಲಿ 2018ರಲ್ಲಿ ಟೆಗೊಪ್ರಜಾನ್. ಭಾರತಕ್ಕೆ ವೊನೊಪ್ರಜಾನ್ ತರಲು ಡಾ. ರೆಡ್ಡೀಸ್ 2024ರಲ್ಲಿ ಟಕೇಡಾ ಜೊತೆ ಒಪ್ಪಂದ ಮಾಡಿಕೊಂಡಿತು. ಇದು ಒಮಿಪ್ರಜೋಲ್‌ಗಿಂತ ಗಟ್ಟಿ ಕ್ಷಾರ, ಆ್ಯಸಿಡ್ ಕಾಲುವೆಯಲ್ಲಿ ಇನ್ನೂ ಹೆಚ್ಚು ಸೇರುತ್ತದೆ, ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಆ್ಯಸಿಡ್‌ಗೆ ಹಾಳಾಗುವುದಿಲ್ಲ. ರೂಪ ಬದಲಿಸಿಕೊಳ್ಳುವ ಅಗತ್ಯ ಇಲ್ಲ. ಬೆಸುಗೆ ಹಾಕುವುದಿಲ್ಲ, ಕೂರುತ್ತದೆ, ಏಳುತ್ತದೆ. ಮೊದಲ ದಿನವೇ ಹೆಚ್ಚುಕಡಿಮೆ ಪೂರ್ತಿ ಕೆಲಸ. ತಿಂಡಿಗೆ ಮೊದಲೋ ಆಮೇಲೋ ಎಂಬ ಲೆಕ್ಕವೂ ಬೇಡ. ಅನ್ನನಾಳದಲ್ಲಿ ಹುಣ್ಣಾದವರಿಗೆ, ಪೈಲೊರಿ ಸೋಂಕಿನ ಚಿಕಿತ್ಸೆಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಅಮೆರಿಕದಲ್ಲಿ ಇದರ ಮಾತ್ರೆಗಳಲ್ಲೂ ಎನ್‌ಡಿಎಂಎ ಜಾತಿಯ ನೈಟ್ರೋಸಮೀನ್ ಸ್ವಲ್ಪ ಕಂಡು ಒಪ್ಪಿಗೆ ತಡವಾಗಿತ್ತು. ತಯಾರಿಕೆ ಸರಿಪಡಿಸಿದ ಮೇಲೆ 2023ರ ನವೆಂಬರ್‌ನಲ್ಲಿ ಅನ್ನನಾಳದ ಹುಣ್ಣಿಗೆ ಒಪ್ಪಿಗೆ ಸಿಕ್ಕಿತು.

ನನ್ನ ಆತಂಕ ಒಂದೇ. ಇದು ಆ್ಯಸಿಡ್ಡನ್ನು ಇನ್ನೂ ಗಟ್ಟಿಯಾಗಿ ತಡೆಯುವುದರಿಂದ ಗ್ಯಾಸ್ಟ್ರಿನ್ ಏರುವುದೂ ಜಾಸ್ತಿ. ಹೊತ್ತುಗೊತ್ತಿನ ಅಂಕೆಯೂ ಇಲ್ಲದ, ತಕ್ಷಣ ಉರಿ ಇಳಿಸುವ ಮಾತ್ರೆ ಕತ್ತರಿಯ ಕೌಂಟರಿಗೆ ಬಂದರೆ ಪ್ಯಾಂಟೊಪ್ರಜೋಲ್‌ಗೆ ಆದದ್ದೇ ಇದಕ್ಕೂ ಆಗುತ್ತದೆ, ಇನ್ನೂ ಬೇಗ ಆಗುತ್ತದೆ. ಮಾಮೂಲಿ ಎದೆಯುರಿಗೆ ಇದರ ಅಗತ್ಯ ಇಲ್ಲ. ರಾತ್ರಿ ಊಟ ಮುಗಿದು ಎರಡು ಮೂರು ಗಂಟೆ ಬಿಟ್ಟು ಮಲಗುವುದು, ಮಂಚದ ತಲೆಭಾಗ ಎತ್ತರಿಸುವುದು, ತೂಕ ಇಳಿಸುವುದು, ಕವಳದಿಂದ ಹೊಗೆಸೊಪ್ಪು ತೆಗೆಯುವುದು, ಇಷ್ಟಕ್ಕೇ ಎಷ್ಟೋ ಜನರ ಉರಿ ಇಳಿಯುತ್ತದೆ. ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಮಲ ಟಾರಿನಂತೆ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತ ವಾಂತಿಯಾದರೆ ಯಾವ ಮಾತ್ರೆಯನ್ನೂ ನೆಚ್ಚದೆ ಸೀದಾ ಆಸ್ಪತ್ರೆಗೆ ಹೋಗಬೇಕು. ಉಳಿದವರು ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ: ಈ ಮಾತ್ರೆ ಯಾತಕ್ಕೆ, ಎಷ್ಟು ದಿನಕ್ಕೆ? ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಮೆಡಿಕಲ್ ಶಾಪಿನವರು ಮಾತ್ರೆಯ ಶೀಟಿನ ಜೊತೆ "ತಿಂಡಿಗೆ ಅರ್ಧ ಗಂಟೆ ಮೊದಲು" ಎಂದು ಕನ್ನಡದಲ್ಲಿ ಬರೆದ ಒಂದು ಸಣ್ಣ ಕವರಿನಲ್ಲಿ ಹಾಕಿ ಕೊಡಲಿ, ಹೆಸರು ಮತ್ತು ಎಕ್ಸ್‌ಪೈರಿ ಇರುವ ತುಂಡನ್ನೂ ಅದರ ಜೊತೆಗೇ ಕೊಡಲಿ.